ಮಡಿಕೆಯಲ್ಲಿ ಹರಿಯುತ್ತಿರುವ ಯುದ್ಧದಾಟದ ನಕ್ಷೆಗೆ ಲ್ಯಾಮಿನೇಷನ್ ಮಾಡಿಸಬಹುದೆ?

ಕಡಲತಡಿ (ಪ್ರಶ್ನೆ)

ಮಂಗಳೂರಿನಲ್ಲಿರುವ ನನ್ನ ಬಳಿ 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಅಚ್ಚಾದ, ಎರಡನೆಯ ಮಹಾಯುದ್ಧದ ಪೂರ್ವ ರಣಾಂಗಣವನ್ನು ಕುರಿತ ಒಂದು ಯುದ್ಧದಾಟವಿದೆ, ಎಂದರೆ ನಕ್ಷೆಯ ಮೇಲೆ ಸೇನೆಗಳ ಕಾಯಿಗಳನ್ನು ನಡೆಸಿ ಆಡುವ ಆಟ. ಅಲ್ಲಿ ಓದುತ್ತಿದ್ದ ನನ್ನ ಸೋದರಮಾವ ಕೊಂಡು ತಂದದ್ದು. ಆ ಕಾಲದ ಇಂತಹ ಅನೇಕ ಆಟಗಳಂತೆ ಇದರ ನಕ್ಷೆಯೂ ರಟ್ಟಿಗೆ ಅಂಟಿಸಿದ್ದಲ್ಲ. 22 ಇಂಚು ಅಗಲ, 34 ಇಂಚು ಉದ್ದದ ಬರಿಯ ಕಾಗದ. ಪೆಟ್ಟಿಗೆಯಲ್ಲಿ ಹಿಡಿಸಲೆಂದು ಅದನ್ನು ಎಂಟು ಭಾಗವಾಗಿ ಮಡಿಚಿದ್ದಾರೆ. ಇಷ್ಟು ವರ್ಷ ಬಿಚ್ಚಿ ಮಡಿಚಿದ ಫಲವಾಗಿ, ಉದ್ದದ ಮಡಿಕೆಯು ಅಡ್ಡ ಮಡಿಕೆಗಳನ್ನು ಸಂಧಿಸುವ ಮೂರೂ ಕಡೆ ಕಡಲೆಕಾಳಿನಷ್ಟು ತೂತು ಬಿದ್ದಿದೆ. ಕಾಯಿಗಳನ್ನು ಮನೆಯಿಂದ ಮನೆಗೆ ಸರಿಸುವಾಗ ಉಗುರು ತಾಗಿ ಬಣ್ಣವೂ ಅಲ್ಲಲ್ಲಿ ಎದ್ದಿದೆ.

ಲ್ಯಾಮಿನೇಷನ್ ಮಾಡಿಸಿಬಿಟ್ಟರೆ ಮತ್ತೆ ಚಿಂತೆಯೇ ಇಲ್ಲವೆಂದು ಜೆರಾಕ್ಸ್ ಅಂಗಡಿಯವರು ಹೇಳುತ್ತಾರೆ; ನನಗೆ ಧೈರ್ಯ ಸಾಲದು. ಒಂದು ಆಟ ಮುಗಿಯಲು ನಮಗೆ ನಾಲ್ಕೈದು ಭಾನುವಾರ ಬೇಕಾಗುವುದರಿಂದ, ನಡುವಿನ ದಿನಗಳಲ್ಲಿ ಕಾಯಿಗಳನ್ನು ಎತ್ತದೆ ಹಾಗೆಯೇ ಬಿಡುವ ಅನುಕೂಲವೂ ಬೇಕಾಗಿದೆ. ಮಳೆಗಾಲ ಬೇರೆ ಹತ್ತಿರ ಬಂದಿದೆ. ಅನುಭವಿಗಳು ದಯವಿಟ್ಟು ತಿಳಿಸಬೇಕು.

ಹಳೆಯ ದಾಳ

ನಕ್ಷೆಗೆ ಏನನ್ನೂ ಅಂಟಿಸಬೇಡಿ. ಅದರ ಮೇಲೆ ಅಕ್ರಿಲಿಕ್ ಹಾಳೆಯೊಂದನ್ನು ಹೊದಿಸಿ. ಕಾಗದದ ನಕ್ಷೆಯ ಮೇಲೆ ಆಡುವವರಲ್ಲಿ ಹೆಚ್ಚಿನವರು ಬಹುಕಾಲದಿಂದ ಮಾಡಿಕೊಂಡು ಬಂದಿರುವುದು ಇದನ್ನೇ. ನಾಮಫಲಕ ಮಾಡುವ ಅಂಗಡಿಯಲ್ಲಿ ನಕ್ಷೆಗಿಂತ ಒಂದು ಇಂಚು ದೊಡ್ಡದಾಗಿ ಕತ್ತರಿಸಿಕೊಡುತ್ತಾರೆ. 2 ಮಿಲಿಮೀಟರ್ ದಪ್ಪದ್ದಾದರೆ ಹಗುರ, ಆದರೆ ಕಾಗದದ ಮಡಿಕೆ ಮೇಲಕ್ಕೆ ನೂಕಿದಲ್ಲಿ ತಾನೂ ಸ್ವಲ್ಪ ಬಾಗುತ್ತದೆ. 3 ಮಿಲಿಮೀಟರಿನದು ನಿಮ್ಮ ಅಳತೆಗೆ ಸುಮಾರು 1.7 ಕಿಲೋ ತೂಗುತ್ತದೆ, ಆ ಭಾರಕ್ಕೇ ಮಡಿಕೆಗಳು ಚಪ್ಪಟೆಯಾಗಿ ಮಲಗುತ್ತವೆ. ಅಷ್ಟೇ ದಪ್ಪದ ಗಾಜು ಇದರ ಎರಡರಷ್ಟು ಭಾರ, ಒಡೆಯುವ ಭಯ ಬೇರೆ.

ಕತ್ತರಿಸಿದ ಅಂಚು ಚೂಪಾಗಿರುತ್ತದೆ. ಮನೆಗೆ ತರುವ ಮುನ್ನವೇ ಉಜ್ಜಿಸಿಕೊಳ್ಳಿ. ಸ್ಪಿರಿಟ್ ಅಥವಾ ಅಮೋನಿಯಾ ಇರುವ ಗಾಜು ಒರೆಸುವ ದ್ರಾವಣವನ್ನು ಅಕ್ರಿಲಿಕ್‌ಗೆ ತಾಗಿಸಬಾರದು, ಕೂದಲೆಳೆಯಂತಹ ಬಿರುಕುಗಳು ಮೂಡುತ್ತವೆ. ಒದ್ದೆ ಮಾಡಿದ ಮೆತ್ತನೆಯ ಹತ್ತಿಬಟ್ಟೆ ಸಾಕು. ಟ್ಯೂಬ್‌ಲೈಟ್ ಪ್ರತಿಫಲಿಸಿ ಕಣ್ಣಿಗೆ ಕುಕ್ಕುತ್ತದೆಂಬುದೊಂದು ನಿಜವಾದ ತೊಂದರೆ. ನಾನು ಮೇಜನ್ನೇ ಗೋಡೆಯ ಕಡೆಗೆ ಸರಿಸಿ ಅದಕ್ಕೆ ಒಗ್ಗಿಕೊಂಡಿದ್ದೇನೆ. ದಾಳವನ್ನು ನಕ್ಷೆಯ ಮೇಲೆ ಉರುಳಿಸದೆ ಪಕ್ಕದಲ್ಲೊಂದು ತಟ್ಟೆಯಲ್ಲಿ ಉರುಳಿಸಿ, ಕಾಫಿ ಲೋಟಗಳಿಗೆ ಬೇರೆ ಸ್ಟೂಲು ಇಡಿ.

ಗುಹೆಯ ಕಾವಲುಗಾರ

ಮೇಲಿನವರ ಮಾತನ್ನು ಪೂರ್ತಿ ಒಪ್ಪಲಾರೆ. ಪಾತ್ರಾಭಿನಯದ ಆಟಗಳಿಗೆ (ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆಯನ್ನು ನಡೆಸುವ ಆಟಗಳು) ನಾವು ಬಳಸುವ, ಒಂದು ಇಂಚಿನ ಚೌಕಗಳಿರುವ ನಕ್ಷೆಗಳೆಲ್ಲವನ್ನೂ ನಾನು ಲ್ಯಾಮಿನೇಷನ್ ಮಾಡಿಸಿದ್ದೇನೆ. ಅವುಗಳ ಮೇಲೆ ಮಾರ್ಕರಿನಲ್ಲಿ ಬಾಗಿಲು, ಬೆಂಕಿ, ಬಲೆ ಎಲ್ಲವನ್ನೂ ಬರೆದು ಒರೆಸುತ್ತೇವೆ. ವೈಟ್‌ಬೋರ್ಡ್ ಮಾರ್ಕರಿನ ಗುರುತನ್ನು ವಾರಗಟ್ಟಲೆ ಬಿಟ್ಟರೆ ನೆರಳಿನಂತಹ ಕಲೆ ಉಳಿಯುವುದರಿಂದ, ನೀರಿನಲ್ಲಿ ಅಳಿಯುವ ಶಾಯಿಯ ಮಾರ್ಕರೇ ಮೇಲು. ಬಸ್ಸಿನಲ್ಲಿ ಸುತ್ತಿಕೊಂಡು ಸ್ನೇಹಿತರ ಮನೆಗೆ ಹೋಗುವ ನಮ್ಮಂಥವರಿಗೆ ಅಕ್ರಿಲಿಕ್ ಹಾಳೆ ಹೊತ್ತು ತಿರುಗುವುದು ಆಗದ ಮಾತು.

ಬೈಂಡಿಂಗ್ ಮನೆ

ಇಬ್ಬರೂ ಬೇರೆ ಬೇರೆ ವಸ್ತುವಿನ ಬಗ್ಗೆ ಮಾತನಾಡುತ್ತಿದ್ದೀರಿ ಎಂದು ನನಗನ್ನಿಸುತ್ತದೆ. ಹಾಳಾದರೆ ಮತ್ತೆ ಅಚ್ಚು ಹಾಕಿಕೊಳ್ಳಬಹುದಾದ ಚೌಕದ ಹಾಳೆಗೆ ಲ್ಯಾಮಿನೇಷನ್ ಧಾರಾಳವಾಗಿ ಆಗಬಹುದು. ಆದರೆ ಅಂಗಡಿಯ ಬಿಸಿ ಲ್ಯಾಮಿನೇಷನ್‌ನಲ್ಲಿ ಅಂಟು ಕರಗಿ ಕಾಗದದ ನಾರಿನೊಳಕ್ಕೆ ಇಳಿಯುವುದರಿಂದ ಅದನ್ನು ಮುಂದೆ ಬಿಡಿಸಲಾಗುವುದಿಲ್ಲ. ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದಲ್ಲಿ ಜೀರ್ಣವಾದ ದಾಖಲೆಗಳಿಗೆ ಸೆಲ್ಯುಲೋಸ್ ಅಸಿಟೇಟ್ ಹಾಳೆಯನ್ನೂ ತೆಳುವಾದ ಟಿಶ್ಯೂ ಕಾಗದವನ್ನೂ ಅಸಿಟೋನ್ ಸವರಿ ಕೂರಿಸುವ ಪದ್ಧತಿಯೊಂದನ್ನು ರೂಪಿಸಿದ್ದರು. ಬೇಕೆಂದಾಗ ಅಸಿಟೋನಿನಿಂದಲೇ ಅದನ್ನು ಕರಗಿಸಿ ತೆಗೆಯಬಹುದಿತ್ತು. ಅಂಗಡಿಯ ಕೆಲಸಕ್ಕೆ ಹಾಗೆ ಹಿಂದಿರುಗುವ ದಾರಿ ಇಲ್ಲ. ಅದರ ಮೇಲೆ, ಪ್ಲಾಸ್ಟಿಕ್ ಹೊದ್ದ ನಕ್ಷೆಯನ್ನು ಮತ್ತೆ ಎಂಟು ಭಾಗವಾಗಿ ಮಡಿಚಿದರೆ, ಮಡಿಕೆಯಲ್ಲಿ ಪ್ಲಾಸ್ಟಿಕ್ಕೂ ಕಾಗದವೂ ಒಟ್ಟಿಗೆ ಸೀಳುತ್ತವೆ.

ಮೊದಲು ತೂತುಗಳನ್ನು ಸರಿಪಡಿಸಿ. ಸೆಲ್ಲೋಟೇಪ್ ಖಂಡಿತ ಬೇಡ. ಕೆಲವು ವರ್ಷಗಳಲ್ಲಿ ಅದರ ಅಂಟು ಹಳದಿಯಾಗಿ, ಜಿಡ್ಡಾಗಿ ಕಾಗದದ ಮುಂಭಾಗಕ್ಕೇ ಬಸಿಯುತ್ತದೆ. ಮೈದಾ ಅಂಟೂ ಕರಾವಳಿಯಲ್ಲಿ ಹುಳುಗಳಿಗೆ ಊಟ. ಹುಳು ಬಾರದಿರಲೆಂದು ನಮ್ಮ ಹಿರಿಯ ಬೈಂಡರುಗಳು ಆ ಅಂಟಿಗೆ ಮೈಲುತುತ್ತ ಬೆರೆಸುತ್ತಿದ್ದರು. ಅದರೊಳಗಿನ ತಾಮ್ರವು ಕಾಲಕ್ರಮದಲ್ಲಿ ಕಾಗದವನ್ನೇ ಕಂದಿಸುತ್ತದೆ. ಉದ್ದ ನಾರಿನ ಜಪಾನೀ ಟಿಶ್ಯೂ ಕಾಗದವನ್ನು ಕತ್ತರಿಯಿಂದಲ್ಲ, ಕೈಯಿಂದ ಹರಿದು, ಮೀಥೈಲ್ ಸೆಲ್ಯುಲೋಸ್ ಅಂಟಿನಿಂದ ನಕ್ಷೆಯ ಹಿಂಬದಿಗೆ ಕೂರಿಸಿ. ಹರಿದ ಅಂಚಿನ ನಾರುಗಳು ಹರಡಿಕೊಂಡು ಹಿಡಿಯುವುದರಿಂದ ಗೆರೆ ಎದ್ದು ಕಾಣುವುದಿಲ್ಲ. ಬೇಡವೆನಿಸಿದರೆ ನೀರು ಸೋಕಿಸಿ ಬಿಡಿಸಬಹುದು. ಅಚ್ಚಿನ ಶಾಯಿ ನೀರಿಗೆ ಹರಡುತ್ತದೆಯೆ ಎಂದು ಒಂದು ಮೂಲೆಯಲ್ಲಿ ಮೊದಲು ನೋಡಿಕೊಳ್ಳಿ.

ಇನ್ನು ಮಡಿಚುವುದನ್ನು ನಿಲ್ಲಿಸಿ. ಪಗಡೆಯ ಹಾಸು ಬಟ್ಟೆಯದಾದ್ದರಿಂದ ಎಷ್ಟು ಮಡಿಚಿದರೂ ತಾಳುತ್ತದೆ. ಹಿಂದಿನ ಕಾಲದ ಭೂಪಟಗಳನ್ನೂ ಹಲವು ಆಯತಗಳಾಗಿ ಕತ್ತರಿಸಿ, ನಡುವೆ ಕೂದಲಷ್ಟು ಜಾಗ ಬಿಟ್ಟು ಬಟ್ಟೆಗೆ ಅಂಟಿಸುತ್ತಿದ್ದುದು ಮಡಿಕೆಯ ಏಟು ಕಾಗದಕ್ಕೆ ಬೀಳದೆ ಬಟ್ಟೆಗೆ ಬೀಳಲೆಂದೇ. ನಿಮ್ಮದನ್ನು ಕತ್ತರಿಸುವ ಪ್ರಶ್ನೆಯಿಲ್ಲ. ಎರಡು ಪಾರದರ್ಶಕ ಪಾಲಿಯೆಸ್ಟರ್ ಹಾಳೆಗಳ ನಡುವೆ ಇಟ್ಟು, ಕಾಗದದ ಅಂಚಿನಿಂದ ಅರ್ಧ ಬೆರಳು ದೂರದಲ್ಲಿ ಮಾತ್ರ ಎರಡೂ ಬದಿ ಅಂಟಿರುವ ಟೇಪು ಹಾಕಿ. ನಕ್ಷೆಗೆ ಅಂಟು ಎಲ್ಲಿಯೂ ತಾಗುವುದಿಲ್ಲ.

ಕಡಲತಡಿ

ಇಷ್ಟು ವಿವರಕ್ಕೆ ಎಲ್ಲರಿಗೂ ಕೃತಜ್ಞ. ದುರಸ್ತಿ ಮಾಡಿ ಪಾಲಿಯೆಸ್ಟರ್ ಹಾಳೆಗಳ ನಡುವೆ ಇಡುತ್ತೇನೆ, ಆಡುವಾಗ ಮೇಲೆ ಅಕ್ರಿಲಿಕ್ ಹೊದಿಸುತ್ತೇನೆ. ಜುಲೈನಲ್ಲಿಯೂ ಹಾಗೆಯೇ ಮೇಜಿನ ಮೇಲೆ ತಿಂಗಳುಗಟ್ಟಲೆ ಬಿಡಬಹುದೆ?

ಬೈಂಡಿಂಗ್ ಮನೆ

ಬಿಡಬಾರದು. ಗಾಳಿಯ ತೇವ ಶೇಕಡಾ 65ನ್ನು ದಾಟಿ ಹಾಗೆಯೇ ನಿಂತರೆ ಕಾಗದಕ್ಕೆ ಬೂಷ್ಟು ಬರುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಅದು ಶೇಕಡಾ 80ಕ್ಕಿಂತ ಕೆಳಗಿಳಿಯುವುದೇ ಅಪರೂಪ. ತೇವ ಹೀರಿದ ಕಾಗದವನ್ನು ಮುಚ್ಚಿಟ್ಟರೆ ತೇವವನ್ನೂ ಜೊತೆಗೇ ಮುಚ್ಚಿಟ್ಟಂತೆ. ಆದ್ದರಿಂದ ಪಾಲಿಯೆಸ್ಟರಿನೊಳಗೆ ಇಡುವ ಕೆಲಸವನ್ನು ಒಣಹವೆಯ ದಿನವೇ ಮಾಡಿ, ಎದುರುಬದುರಾದ ಎರಡು ಮೂಲೆಗಳಲ್ಲಿ ಟೇಪು ಹಾಕದೆ ಗಾಳಿಗೆ ದಾರಿ ಬಿಡಿ. ಮಳೆ ಹಿಡಿದ ತಿಂಗಳುಗಳಲ್ಲಿ ನಕ್ಷೆಯನ್ನು ಹೊರಗೋಡೆಗೆ ತಾಗದ ಕಪಾಟಿನಲ್ಲಿ ಚಪ್ಪಟೆಯಾಗಿ ಮಲಗಿಸಿಡುವುದು ಕ್ಷೇಮ.

ಹಳೆಯ ದಾಳ

ಹಾಗಾದರೆ ಮಳೆಗಾಲದ ಆಟಕ್ಕೆ ಒಂದು ಪ್ರತಿ ತೆಗೆಸಿಕೊಳ್ಳಿ. ಎಂಜಿನಿಯರುಗಳ ಡ್ರಾಯಿಂಗ್ ಅಚ್ಚು ಮಾಡುವ ಪ್ಲಾಟರ್ ಅಂಗಡಿಯಲ್ಲಿ ಇಷ್ಟು ದೊಡ್ಡದನ್ನು ಸ್ಕ್ಯಾನ್ ಮಾಡುತ್ತಾರೆ. ಎಳೆದುಕೊಳ್ಳುವ ಯಂತ್ರದೊಳಕ್ಕೆ ತೂತುಬಿದ್ದ ಹಾಳೆಯನ್ನು ಬಿಡಬೇಡಿ, ದುರಸ್ತಿಯಾದ ಮೇಲೆ ಕೊಂಡೊಯ್ಯಿರಿ. ಎ1 ಅಳತೆ ಎಂದು ಹೇಳಿದರೆ ಉದ್ದ 841 ಮಿಲಿಮೀಟರಿಗೆ ನಿಲ್ಲುತ್ತದೆ, ನಿಮ್ಮ ನಕ್ಷೆಯಾದರೋ ಸುಮಾರು 864 ಇದೆ. 24 ಇಂಚಿನ ರೋಲಿನಲ್ಲಿ ಪೂರ್ಣ ಅಳತೆಗೆ ಎಂದೇ ಕೇಳಿ. ಕುಗ್ಗಿಸಿ ಅಚ್ಚು ಮಾಡಿಬಿಟ್ಟರೆ ಅರ್ಧ ಇಂಚಿನ ಕಾಯಿಗಳು ಮನೆಯೊಳಗೆ ಕೂರದೆ ಪಕ್ಕದ ಮನೆಯನ್ನು ತುಳಿಯುತ್ತವೆ.