ರೈಲ್ ಸೆನ್ಸರ್ ಕಪ್ಲರ್ ಲಾಕ್ ಮುರಿದಿದೆ, ಕಪ್ಲರ್ ಮಾತ್ರ ಬದಲಾಯಿಸಬಹುದಾ?

ಕೋಲಾರ ಟೊಮೆಟೊ ಗಾಡಿ

ಎಲ್ಲರಿಗೂ ನಮಸ್ಕಾರ. ನನ್ನದು 2018ರ ಬಿಎಸ್4 ಗಾಡಿ. ಆರು ಚಕ್ರ, 24 ವೋಲ್ಟ್, ಕಾಮನ್ ರೈಲ್ ಇಂಜಿನ್, ಅಂದರೆ ರೈಲ್ ಅನ್ನುವ ದಪ್ಪ ಪೈಪಿನಲ್ಲಿ ಡೀಸೆಲ್ ಒತ್ತಡದಲ್ಲಿ ನಿಂತು ಎಲ್ಲ ಇಂಜೆಕ್ಟರಿಗೂ ಹೋಗುತ್ತದೆ. ಗಾಡಿ ನನ್ನದೇ, ಓಡಿಸುವುದೂ ನಾನೇ. ಕೋಲಾರ ಎಪಿಎಂಸಿಯಿಂದ ಚೆನ್ನೈ ಕೋಯಂಬೇಡಿಗೆ ಟೊಮೆಟೊ ಹೊಡೆಯುತ್ತೇನೆ.

ಹೋದ ತಿಂಗಳು ಖಾಲಿ ಕ್ರೇಟ್ ಹಾಕಿಕೊಂಡು ವಾಪಸ್ ಬರುತ್ತಿದ್ದೆ. ಮೊಗಿಲಿ ಘಾಟ್ ಹತ್ತುವಾಗ ಪಿಕಪ್ ಪೂರಾ ಹೋಯಿತು. ಇಂಜಿನ್ ಲೈಟ್ ಬಂತು. ಎಷ್ಟು ತುಳಿದರೂ ಗಾಡಿ ಎಳೆಯಲಿಲ್ಲ, ಎರಡನೇ ಗೇರಿನಲ್ಲೇ ತೆವಳಿಕೊಂಡು ಪಲಮನೇರು ಸೇರಿದೆ. ಕೀ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲದ ಹಾಗೆ ಓಡಿತು. ಮುಳಬಾಗಿಲು ಹತ್ತಿರ ಮತ್ತೆ ಅದೇ ಕಥೆ.

ಸ್ಕ್ಯಾನರ್ ಹಾಕಿಸಿದಾಗ ಪಿ0193 ಅನ್ನುವ ಫಾಲ್ಟ್ ಕೋಡ್ ಬಂತು. ರೈಲಿನ ಒತ್ತಡ ಅಳೆಯುವ ಸೆನ್ಸರ್ ಹೋಗಿದೆ ಅಂದರು ಮೆಕ್ಯಾನಿಕ್. ಸಾಲ ಮಾಡಿ ಹೊಸ ಸೆನ್ಸರ್ ಹಾಕಿಸಿದೆ. ಎರಡು ಟ್ರಿಪ್ ಚೆನ್ನಾಗಿತ್ತು, ಮೂರನೇದಕ್ಕೆ ಮತ್ತೆ ಲೈಟ್. ನಿನ್ನೆ ನಾನೇ ಟಾರ್ಚ್ ಹಿಡಿದು ನೋಡಿದೆ. ಸೆನ್ಸರ್ ಮೇಲೆ ಕೂರುವ ಮೂರು ಪಿನ್ನಿನ ಕಪ್ಲರಿನ, ಅಂದರೆ ವೈರ್ ಪ್ಲಗ್ಗಿನ, ಲಾಕ್ ಮುರಿದಿದೆ. ಪ್ಲಾಸ್ಟಿಕ್ ಬಿಸಿಗೆ ಒಣಗಿ, ಮುಟ್ಟಿದರೆ ಪುಡಿಯಾಗುತ್ತಿದೆ. ಒಂದು ವೈರಿನ ಸಿಪ್ಪೆ ಹೋಗಿ ತಾಮ್ರ ಕಾಣಿಸುತ್ತಿದೆ. ಅದರ ಮೇಲೆ ಯಾರೋ ಹಿಂದೆ ಟೇಪ್ ಸುತ್ತಿದ್ದಾರೆ.

ಹಾರ್ನೆಸ್, ಅಂದರೆ ಇಂಜಿನ್ನಿನ ವೈರ್ ಕಟ್ಟು, ಪೂರ್ತಿ ಬದಲಾಯಿಸಬೇಕು ಅಂತ ಒಬ್ಬರು ಹೇಳಿದರು. ಅಷ್ಟು ದುಡ್ಡು ಈಗ ಕೈಯಲ್ಲಿಲ್ಲ. ಕಪ್ಲರ್ ಮಾತ್ರ ಹಾಕಿದರೆ ನಿಲ್ಲುತ್ತದಾ? ಸೀಸನ್ ಶುರುವಾಗಿದೆ. ಲೋಡ್ ಸಮೇತ ರೋಡಿನಲ್ಲಿ ನಿಂತರೆ ಹಣ್ಣು ನನಗಾಗಿ ಕಾಯುವುದಿಲ್ಲ ಅಲ್ವಾ.

ಚಿಂತಾಮಣಿ ಡ್ರೈವರ್

ಅಣ್ಣ, ನನ್ನ ಗಾಡಿಯಲ್ಲೂ ಇದೇ ಆಗಿತ್ತು. ಲಾಕ್ ಮುರಿದ ಕಪ್ಲರನ್ನು ಒತ್ತಿ ಕೂರಿಸಿ ಕೇಬಲ್ ಟೈ ಬಿಗಿದೆ. ಆರು ತಿಂಗಳಿಂದ ಓಡುತ್ತಿದೆ. ಸದ್ಯಕ್ಕೆ ಹಾಗೆ ಮಾಡಿ, ಸೀಸನ್ ಮುಗಿದ ಮೇಲೆ ನೋಡಿಕೊಳ್ಳಿ.

ಶಿರಾ ಗೇಟ್ ವೈರಿಂಗ್

ತುಮಕೂರಿನಲ್ಲಿ ಲಾರಿ ವೈರಿಂಗ್ ಕೆಲಸ ಮಾಡುತ್ತೇನೆ. ಹಾರ್ನೆಸ್ ಬೇಡ ಅಣ್ಣ, ಕಪ್ಲರ್ ಸಾಕು. ಆದರೆ ಟೈ ಬಿಗಿದು ಘಾಟಿಗೆ ಹೋಗಬೇಡಿ. ತಾಮ್ರ ಹೊರಗೆ ಬಂದಿದೆ ಅಂದಮೇಲೆ ಟೈಯಿಂದ ಅದು ಸರಿಹೋಗುವುದಿಲ್ಲ.

ಪಿ0193 ಅಂದರೆ ಸೆನ್ಸರ್ ಕಡೆಯಿಂದ ವೋಲ್ಟೇಜ್ ಜಾಸ್ತಿ ಬರುತ್ತಿದೆ ಅಂತ. ಸೆನ್ಸರ್ ಸತ್ತಿದೆ ಅಂತಲ್ಲ. ಮೂರು ವೈರಿನಲ್ಲಿ ಒಂದು 5 ವೋಲ್ಟ್ ಸಪ್ಲೈ, ಒಂದು ಗ್ರೌಂಡ್, ಒಂದು ಸಿಗ್ನಲ್. ಸಿಗ್ನಲ್ ವೈರ್ ಅಥವಾ ಗ್ರೌಂಡ್ ವೈರ್ ಬಿಟ್ಟುಕೊಂಡರೂ ಸಾಮಾನ್ಯವಾಗಿ ಇದೇ ಕೋಡ್ ಬರುತ್ತದೆ. ಸಿಗ್ನಲ್ ವೈರ್ ಬಾಡಿಗೆ ತಾಗಿದರೆ ಪಿ0192 ಬರುತ್ತದೆ. ಘಾಟ್ ಹತ್ತುವಾಗ ಇಂಜಿನ್ ಜಾಸ್ತಿ ಅದುರುತ್ತದೆ, ಬಿಸಿಯೂ ಏರುತ್ತದೆ. ಸಡಿಲ ಪಿನ್ ಒಂದು ಕ್ಷಣ ಬಿಟ್ಟರೂ ಸಾಕು, ಇಸಿಎಂ, ಅಂದರೆ ಇಂಜಿನ್ ಕಂಪ್ಯೂಟರ್, ಪವರ್ ಇಳಿಸಿಬಿಡುತ್ತದೆ. ಹೊಸ ಸೆನ್ಸರ್ ಹಾಕುವಾಗ ಕಪ್ಲರ್ ಬಿಚ್ಚಿ ಹಾಕಿದರಲ್ಲ, ಆಗ ಪಿನ್ ಸ್ವಲ್ಪ ಸರಿಯಾಗಿ ಕೂತಿರಬೇಕು. ಅದಕ್ಕೇ ಎರಡು ಟ್ರಿಪ್ ಓಡಿತು.

ಕಪ್ಲರನ್ನು ವೈರ್ ಸಮೇತ ತಗೊಳ್ಳಿ. ಬೆಂಗಳೂರು ಜೆ.ಸಿ. ರೋಡಿನಲ್ಲಿ ಸಿಗುತ್ತದೆ. ಹಳೆಯದರ ಫೋಟೋ ಬೇಡ, ಸೆನ್ಸರನ್ನೇ ಒಯ್ಯಿರಿ. ನಿಮ್ಮ ಹತ್ತಿರ ಹಳೇದು ಇರಬೇಕಲ್ಲ. ಅಂಗಡಿಯಲ್ಲೇ ಕೂರಿಸಿ ನೋಡಿ. ಟಕ್ ಅಂತ ಲಾಕ್ ಬೀಳಬೇಕು, ಒಳಗೆ ರಬ್ಬರ್ ಸೀಲ್ ಇರಬೇಕು.

ಕೆಲಸಕ್ಕೆ ಮುಂಚೆ ಕೀ ಆಫ್ ಮಾಡಿ ಐದು ನಿಮಿಷ ಬಿಟ್ಟು ಬ್ಯಾಟರಿ ನೆಗೆಟಿವ್ ತೆಗೆಯಿರಿ. ಇಂಜಿನ್ ತಣ್ಣಗಿರಲಿ. ಸೆನ್ಸರನ್ನಾಗಲಿ ರೈಲಿನ ಪೈಪನ್ನಾಗಲಿ ಮುಟ್ಟುವ ಅಗತ್ಯ ಇಲ್ಲ, ಮುಟ್ಟಲೇಬೇಡಿ. ಲಾರಿ ಟೈರಿನಲ್ಲಿ ಎಂಟು ಬಾರ್ ಗಾಳಿ ಇದ್ದರೆ, ಓಡುವ ಇಂಜಿನ್ನಿನ ರೈಲಿನಲ್ಲಿ 1600 ಬಾರ್‌ವರೆಗೂ ಡೀಸೆಲ್ ಇರುತ್ತದೆ. ಸೂಜಿಯಷ್ಟು ಸಂದಿಯಿಂದ ಬಂದರೂ ಚರ್ಮ ತೂರಿ ಒಳಗೆ ಹೋಗುತ್ತದೆ.

ಮೂರು ವೈರನ್ನೂ ಒಟ್ಟಿಗೆ ಕತ್ತರಿಸಬೇಡಿ. ಒಂದು ಕತ್ತರಿಸಿ, ಜಾಯಿಂಟ್ ಮಾಡಿ, ಆಮೇಲೆ ಇನ್ನೊಂದು. ಮೂರು ಜಾಯಿಂಟೂ ಒಂದೇ ಕಡೆ ಬರದ ಹಾಗೆ ಒಂದೊಂದು ಇಂಚು ಹಿಂದೆ ಮುಂದೆ ಇರಲಿ. ಇಲ್ಲದಿದ್ದರೆ ಗಂಟು ದಪ್ಪವಾಗಿ ಸ್ಲೀವ್ ಪೈಪಿನೊಳಗೆ ಹೋಗುವುದಿಲ್ಲ. ಸುಲಿದಾಗ ತಾಮ್ರ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೂ ಹಿಂದಕ್ಕೆ ಕತ್ತರಿಸಿ. ಕಪ್ಪು ತಾಮ್ರಕ್ಕೆ ಎಂಥ ಜಾಯಿಂಟ್ ಹಾಕಿದರೂ ಸುಮ್ನೆ.

ಸೋಲ್ಡರ್ ಬೇಡ. ಮನೆ ರೇಡಿಯೋಗೆ ಅದು ಚೆನ್ನಾಗಿರುತ್ತದೆ. ಇಂಜಿನ್ ಮೇಲೆ ಸೀಸ ವೈರಿನೊಳಗೆ ಹರಿದು ಗಟ್ಟಿಯಾಗುತ್ತದೆ, ಗಟ್ಟಿ ಮುಗಿದು ಮೆತ್ತಗೆ ಶುರುವಾಗುವ ಜಾಗದಲ್ಲಿ ಅದುರಿ ಅದುರಿ ಎಳೆ ತುಂಡಾಗುತ್ತದೆ. ನಾನು ಕಲಿಯುವಾಗ ಸೋಲ್ಡರ್ ಹಾಕಿ ಕಳಿಸಿದ ಗಾಡಿ ಹಿರಿಯೂರು ದಾಟುವ ಮುಂಚೆ ನಿಂತಿತ್ತು. ಡ್ರೈವರ್ ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದ್ದರು. ಆವತ್ತಿನಿಂದ ಕ್ರಿಂಪೇ, ಅಂದರೆ ಸಣ್ಣ ಲೋಹದ ಕೊಳವೆಯೊಳಗೆ ಎರಡೂ ವೈರ್ ಇಟ್ಟು ಪ್ಲಯರಿನಿಂದ ಒತ್ತುವುದು. ಒಳಗೆ ಗೋಂದು ಇರುವ, ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್ ಸ್ಲೀವನ್ನು ಮೊದಲೇ ವೈರಿಗೆ ತೂರಿಸಿಕೊಳ್ಳಿ. ಕ್ರಿಂಪ್ ಆದ ಮೇಲೆ ಕೈಯಿಂದ ಎಳೆದು ನೋಡಿ. ಆಮೇಲೆ ಬಿಸಿಗಾಳಿ ಗನ್ ಹಿಡಿಯಿರಿ. ಎರಡೂ ತುದಿಯಲ್ಲಿ ಗೋಂದು ಇಣುಕಬೇಕು. ಡೀಸೆಲ್ ಪಸೆ ಇರುವ ಜಾಗ, ಲೈಟರ್ ಹಚ್ಚಬೇಡಿ.

ಕೋಲಾರ ಟೊಮೆಟೊ ಗಾಡಿ

ತುಂಬಾ ಥ್ಯಾಂಕ್ಸ್ ಅಣ್ಣ. ಕಪ್ಲರ್ ತಂದೆ, ಲಾಕ್ ಸರಿಯಾಗಿ ಬೀಳುತ್ತದೆ. ಆದರೆ ವೈರ್ ಬಣ್ಣ ಬೇರೆ. ಗಾಡಿಯಲ್ಲಿ ಇರುವ ಬಣ್ಣ ಒಂದೂ ಇದರಲ್ಲಿಲ್ಲ. ಯಾವುದಕ್ಕೆ ಯಾವುದು ಸೇರಿಸಲಿ?

ಶಿರಾ ಗೇಟ್ ವೈರಿಂಗ್

ಕೇಳಿದ್ದು ಒಳ್ಳೆಯದಾಯಿತು. ಬಣ್ಣ ಮರೆತುಬಿಡಿ, ಜಾಗ ನೋಡಿ. ಕಪ್ಲರ್ ಮೇಲೆ 1, 2, 3 ಅಂತ ಸಣ್ಣದಾಗಿ ಅಚ್ಚಾಗಿರುತ್ತದೆ, ಟಾರ್ಚ್ ಹಿಡಿದರೆ ಕಾಣುತ್ತದೆ. ಹಳೇ ಕಪ್ಲರಿನ 1ಕ್ಕೆ ಬರುವ ವೈರ್ ಹೊಸದರ 1ಕ್ಕೇ ಹೋಗಬೇಕು. ಕಾಗದದಲ್ಲಿ ಬರೆದಿಟ್ಟುಕೊಂಡೇ ಕತ್ತರಿ ಹಿಡಿಯಿರಿ. 5 ವೋಲ್ಟೂ ಗ್ರೌಂಡೂ ಅದಲು ಬದಲಾದರೆ ಹೊಸ ಸೆನ್ಸರ್ ಸುಟ್ಟುಹೋಗಬಹುದು.

ಜಾಯಿಂಟ್ ಆದ ಮೇಲೆ ಕಪ್ಲರ್ ಸೆನ್ಸರಿಗೆ ಹಾಕುವ ಮುಂಚೆ ಬ್ಯಾಟರಿ ಕೊಟ್ಟು ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಬೇಡ. ಮಲ್ಟಿಮೀಟರಿನಲ್ಲಿ ಸಪ್ಲೈ ಪಿನ್ನಿಗೂ ಗ್ರೌಂಡ್ ಪಿನ್ನಿಗೂ ನಡುವೆ 5 ವೋಲ್ಟ್ ಆಸುಪಾಸು ಬರಬೇಕು. ದಪ್ಪ ಪ್ರೋಬ್ ತುರುಕಿ ಪಿನ್ ಅಗಲ ಮಾಡಬೇಡಿ. ಕೀ ಆಫ್ ಮಾಡಿ ಕಪ್ಲರ್ ಕೂರಿಸಿ. ಮತ್ತೆ ಕೀ ಆನ್ ಮಾಡಿದಾಗ ಸಿಗ್ನಲ್ ಅರ್ಧ ವೋಲ್ಟ್ ಹತ್ತಿರ ಇರಬೇಕು. ವೈರ್ ಅಲ್ಲಾಡಿಸಿದರೂ ಅದು ಕದಲಬಾರದು.

ಇನ್ನೊಂದು ಮಾತು. ವೈರಿನ ಸಿಪ್ಪೆ ಹೋಗಿದ್ದು ಎಲ್ಲಿ ಉಜ್ಜಿ ಅಂತ ಹುಡುಕಿ. ಅದನ್ನು ಬಿಟ್ಟರೆ ಹೊಸ ವೈರಿಗೂ ಅದೇ ಗತಿ.

ಕೋಲಾರ ಟೊಮೆಟೊ ಗಾಡಿ

ಅಣ್ಣ, ಕೆಲಸ ಆಯಿತು. ಭಾನುವಾರ ಬೆಳಿಗ್ಗೆ ಕೂತವನು ಎದ್ದಾಗ ಮಧ್ಯಾಹ್ನ ಊಟದ ಹೊತ್ತು ಮೀರಿತ್ತು. ನನ್ನ ಮಗಳು ಟಾರ್ಚ್ ಹಿಡಿದು ನಂಬರ್ ಓದಿದಳು, ಕಾಗದದಲ್ಲಿ ಅವಳೇ ಬರೆದಳು. ಹಳೇ ಕಪ್ಲರ್ ಒಡೆದು ನೋಡಿದರೆ ಗ್ರೌಂಡ್ ಪಿನ್ ಹಸಿರು ಹಿಡಿದು ಸಡಿಲವಾಗಿತ್ತು. ಟೇಪಿನ ಕೆಳಗೆ ನೀರು ನಿಂತಿದ್ದ ಗುರುತು. ಮೀಟರಿನಲ್ಲಿ 4.98 ವೋಲ್ಟ್, ಸಿಗ್ನಲ್ 0.51. ಅಲ್ಲಾಡಿಸಿದರೂ ಕದಲಲಿಲ್ಲ.

ಉಜ್ಜುವ ಜಾಗವೂ ಸಿಕ್ಕಿತು. ಹಾರ್ನೆಸ್ ಹಿಡಿದಿಡುವ ಕ್ಲಿಪ್ಪೇ ಇರಲಿಲ್ಲ, ಪೂರ್ತಿ ಭಾರ ಬ್ರಾಕೆಟ್ಟಿನ ಅಂಚಿನ ಮೇಲೆ ಬಿದ್ದಿತ್ತು. ಅಂಚನ್ನು ಅರದಿಂದ ಉಜ್ಜಿ, ರಬ್ಬರ್ ಕೊಟ್ಟು, ಹೊಸ ಕ್ಲಿಪ್ ಹಾಕಿದೆ.

ನಿನ್ನೆ ಕೋಯಂಬೇಡಿಂದ ವಾಪಸ್ ಬಂದೆ. ಮೊಗಿಲಿ ಘಾಟ್ ನಡುರಾತ್ರಿ ಹತ್ತಿದೆ, ಕಣ್ಣು ರೋಡಿಗಿಂತ ಮೀಟರ್ ಮೇಲೇ ಇತ್ತು. ಲೈಟ್ ಬರಲಿಲ್ಲ. ಹಳೇ ಸೆನ್ಸರ್ ಒರೆಸಿ ಕವರಿನಲ್ಲಿ ಹಾಕಿ ಟೂಲ್ ಬಾಕ್ಸಿನಲ್ಲಿ ಇಟ್ಟಿದ್ದೇನೆ, ಅದರಲ್ಲಿ ಏನೂ ತಪ್ಪಿರಲಿಲ್ಲ. ಚಿಂತಾಮಣಿ ಅಣ್ಣ, ನೀವೂ ಆ ಟೈ ಬಿಚ್ಚಿ ಒಂದು ಸಲ ಒಳಗೆ ನೋಡಿ. ನನ್ನ ಹತ್ತಿರ ಕ್ರಿಂಪ್ ಪ್ಲಯರ್ ಇದೆ, ಮಾರ್ಕೆಟ್ ಕಡೆ ಬಂದಾಗ ತಗೊಂಡು ಹೋಗಿ.