ಲೋಹದ ಮೇಲೆ ಕೈಕೆತ್ತನೆ ಶುರು ಮಾಡಬೇಕು, ಅನುಭವ ಇದ್ದವರು ಹೇಳಿ

ಪೀಣ್ಯ ಲೇತ್: ನಮಸ್ಕಾರ. ಹನ್ನೊಂದು ವರ್ಷದಿಂದ ಲೇತ್ ಕೆಲಸ ಮಾಡುತ್ತಿದ್ದೇನೆ. ಸಂಜೆ ಹೊತ್ತು ಹಿತ್ತಾಳೆ, ಬೆಳ್ಳಿ ಮೇಲೆ ಹೆಸರು, ಬಳ್ಳಿ ಕೆತ್ತುವ ಆಸೆ. ಕೈಯಲ್ಲಿ 40,000 ಇದೆ. ಕೈ ಉಳಿ ಸಾಕಾ, ಕಂಪ್ರೆಸರ್ ಗಾಳಿಯ ಒತ್ತಡದಿಂದ ಉಳಿಯನ್ನ ಬಡಿಯುವ ಹ್ಯಾಂಡ್‌ಪೀಸ್ ಬೇಕಾ? ಬಾಡಿಗೆ ಮನೆ, ಮೇಲೆ ಓನರ್ ಇರುತ್ತಾರೆ, ಜಾಸ್ತಿ ಸದ್ದು ಆಗಬಾರದು. ರೇಟು ಹೇಗೆ ಹಾಕುತ್ತೀರಿ ಅನ್ನೋದನ್ನೂ ಹೇಳಿ.

ಸಾಲದ ಕಂಪ್ರೆಸರ್: 40,000ನಾ? ನನ್ನ ಲೆಕ್ಕ ಕೇಳಿ. ಹೊರದೇಶದ ಹ್ಯಾಂಡ್‌ಪೀಸ್, ಅದರ ಪೆಟ್ಟಿಗೆ ಸೇರಿ 98,000. ಕಸ್ಟಮ್ಸ್, ಕೊರಿಯರ್ 31,400. ಪಾರ್ಸಲ್ 19 ದಿನ ಅಲ್ಲೇ ಕೂತಿತ್ತು. "ಇದೇನು ಸಾಮಾನು" ಅಂತ ಮೂರು ಸಲ ಪತ್ರ ಬರೆಸಿಕೊಂಡರು. ಕಂಪ್ರೆಸರ್ 14,500. ಮೈಕ್ರೋಸ್ಕೋಪ್ 42,000. ಉಳಿ ಮಸೆಯುವ ಡೈಮಂಡ್ ಚಕ್ರಗಳು 11,200. ಒಟ್ಟು 1,97,100. ಮೊದಲ ವರ್ಷದ ಸಂಪಾದನೆ 23,600. ಹೆಂಡತಿ ಈಗಲೂ ಆ ಮಷೀನನ್ನ "ನನ್ನ ಬಳೆ" ಅಂತಲೇ ಕರೆಯುತ್ತಾಳೆ.

ಆದರೆ ನನಗೆ ಬೇಜಾರಿಲ್ಲ. ಕೆಲಸ ಹಾಳಾಗಿದ್ದು ಮಷೀನಿಂದ ಅಲ್ಲ, ಮಸೆಯೋದು ಗೊತ್ತಿಲ್ಲದೆ. 120 ಡಿಗ್ರಿ ಉಳಿ, ಮುಖ (ಮುಂದಿನ ಇಳಿಜಾರು) 45, ಹಿಮ್ಮಡಿ (ತುದಿಯ ಅಡಿಯಲ್ಲಿ ಮಸೆಯುವ ಸಣ್ಣ ಇಳಿಜಾರು) 15, ಇದು ಎಲ್ಲರೂ ಹೇಳೋದೇ. ಹಿಮ್ಮಡಿ ಎಷ್ಟು ಉದ್ದ ಇರಬೇಕು ಅಂತ ಯಾರೂ ಹೇಳಲಿಲ್ಲ. ಇಂಗ್ಲಿಷ್ ಅಕ್ಷರದ ನೇರ ಗೆರೆಗೆ ಉದ್ದ ಇದ್ದರೂ ನಡೆಯುತ್ತೆ. ನಮ್ಮ ಕನ್ನಡ ಅಕ್ಷರ ಎಲ್ಲಾ ದುಂಡು. ಹಿಮ್ಮಡಿ ಉದ್ದ ಇದ್ದರೆ ತಿರುವಿನಲ್ಲಿ ಹೊರಗಿನ ಅಂಚನ್ನ ಉಜ್ಜಿ ಗಾಯ ಮಾಡುತ್ತೆ. ಒಂದು "ಅ" ಸರಿಯಾಗಿ ಬರೋಕೆ ನಾಲ್ಕು ತಿಂಗಳು ಹಿಡಿಯಿತು. ಆಮೇಲೆ ಆಸೆ ಬಿದ್ದು ಸ್ಟೇನ್‌ಲೆಸ್ ಸ್ಟೀಲ್ ಲೋಟ ಒಪ್ಪಿಕೊಂಡೆ. ಆರು ಕಾರ್ಬೈಡ್ ಉಳಿಯ ತುದಿ ಹಾರಿಹೋಯಿತು. ಸ್ಟೀಲಿನ ತಂಟೆಗೆ ಹೋಗಬೇಡಿ.

ಹಳೇ ಅರ, ಬೀದರ್: ಎರಡು ಲಕ್ಷ ಕೊಟ್ಟು "ಕೈ"ಕೆತ್ತನೆ! ನಮ್ಮ ಮನೆಯಲ್ಲಿ ಸವೆದ ಅರ ಕಾಯಿಸಿ ಬಡಿದು, ಸಾಣೆ ಹಿಡಿದು ಕಲಮ್, ಅಂದ್ರೆ ಕೆತ್ತೋ ಉಳಿ, ಮಾಡಿಕೊಳ್ಳುತ್ತೇವೆ. ನೀರಿಗೆ ಹಾಕಿ ಗಟ್ಟಿ ಮಾಡಿ, ಮತ್ತೆ ಒಣಹುಲ್ಲಿನ ಬಣ್ಣ ಬರೋವರೆಗೆ ಕಾಯಿಸಬೇಕು, ಇಲ್ಲಾಂದ್ರೆ ತುದಿ ಮುರಿಯುತ್ತೆ. ಖರ್ಚು ಇದ್ದಿಲಿನದು ಅಷ್ಟೇ.

ನಮ್ಮ ನಷ್ಟವೇ ಬೇರೆ. ಬಿದ್ರಿ ಅಂದ್ರೆ 16 ಪಾಲು ಸತು, 1 ಪಾಲು ತಾಮ್ರ. ಎರಕ ಹೊಯ್ದು, ಉಜ್ಜಿ, ಮೈಲುತುತ್ತದ ನೀರು ಸವರಿ ಆಗಿನ ಮಟ್ಟಿಗೆ ಕಪ್ಪು ಮಾಡಿ, ಅದರ ಮೇಲೆ ಚಿತ್ರ ಬರೆದು ಕೊರೆಯುತ್ತೇವೆ. ಗೀರಿನೊಳಗೆ ಬೆಳ್ಳಿ ತಂತಿ ಬಡಿಯಬೇಕು. 40 ನೆನಪಿನ ಕಾಣಿಕೆಗೆ ರೇಟು ಒಪ್ಪಿಕೊಂಡು ಬಂದೆ. ಬೆಳ್ಳಿ ಕೊಳ್ಳೋಕೆ ಒಂದು ವಾರ ತಡ ಮಾಡಿದೆ, ರೇಟು ಏರಿತು. ಮಣ್ಣು, ನವಸಾಗರ ಹಾಕಿ ಕುದಿಸಿ, ಕಪ್ಪು ಬಂದು, ಬೆಳ್ಳಿ ಹೊಳೆದು, ಎಲ್ಲರೂ ಭೇಷ್ ಅಂದರು. ನನಗೆ ಕೂಲಿ ಗಿಟ್ಟಲಿಲ್ಲ. ನಾನು 900ಕ್ಕೆ ಕೊಟ್ಟ ಹೂದಾನಿ ಮೇಳದಲ್ಲಿ 4,200ಕ್ಕೆ ಕೂತಿತ್ತು. 2023ರಲ್ಲಿ ನಮ್ಮೂರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ನನಗೂ ಹತ್ತು ಜನ ಫೋನ್ ಮಾಡಿ ಹೊಗಳಿದರು. ಒಬ್ಬರೂ ಆರ್ಡರ್ ಕೊಡಲಿಲ್ಲ. ರೇಟು ಹೇಳೋ ದಿನವೇ ಬೆಳ್ಳಿ ತಗೊಳ್ಳಿ, ಅಡ್ವಾನ್ಸ್ ಇಲ್ಲದೆ ಕಲಮ್ ಮುಟ್ಟಬೇಡಿ.

ಪಾತ್ರೆ ಅಂಗಡಿ: ಸ್ಟೀಲಿನ ತಂಟೆಗೆ ಹೋಗಬೇಡಿ ಅಂತೆ! ಇಪ್ಪತ್ತೈದು ವರ್ಷದಿಂದ ಸ್ಟೀಲ್ ಮೇಲೇ ಹೆಸರು ಹಾಕಿ ಎರಡು ಮಕ್ಕಳನ್ನ ಓದಿಸಿದ್ದೇನೆ. ಒಂದು ಕರೆಂಟ್ ಪೆನ್ ಸಾಕು.

ಸಾಲದ ಕಂಪ್ರೆಸರ್: ಅಣ್ಣ, ಅದು ಕೆತ್ತನೆ ಅಲ್ಲ, ಗೀಚೋದು. ಲೋಹ ಸುರುಳಿಯಾಗಿ ಎದ್ದು ಬಂದರೆ ಕೆತ್ತನೆ.

ಪಾತ್ರೆ ಅಂಗಡಿ: ಸುರುಳಿ ನೀವೇ ಇಟ್ಕೊಳ್ಳಿ. ಗಿರಾಕಿಗೆ ಬೇಕಾಗಿರೋದು ಪಕ್ಕದ ಮನೆಗೆ ಹೋದ ಡಬ್ಬಿ ವಾಪಸ್ ಬರಬೇಕು ಅನ್ನೋದು. ನನಗೂ ಪೆಟ್ಟು ಬಿದ್ದಿದೆ. ಮದುವೆಗೆ ಹಂಚೋಕೆ 151 ಡಬ್ಬಿ. ಹುಡುಗಿ ಹೆಸರು ಸುಷ್ಮಾ, ನಾನು ಹಾಕಿದ್ದು ಸುಶ್ಮಾ. ಡಬ್ಬಿಗೆ 85ರಂತೆ 12,835 ಕಟ್ಟಿಕೊಟ್ಟೆ. ಆ ಡಬ್ಬಿಗಳಲ್ಲಿ ನಮ್ಮ ಮನೆ ಬೇಳೆಕಾಳು ಇನ್ನೂ ಕೂತಿದೆ. ಅವತ್ತಿಂದ ಗಿರಾಕಿ ಕೈಯಲ್ಲೇ ಹೆಸರು ಬರೆಸಿ ಸಹಿ ಹಾಕಿಸಿಕೊಳ್ಳುತ್ತೇನೆ. ರೇಟು ಅಕ್ಷರಕ್ಕೆ 4 ರೂಪಾಯಿ. ಒತ್ತು, ದೀರ್ಘ, ಸೊನ್ನೆ ಬೇರೆ ಲೆಕ್ಕ.

ಹಳೇ ಅರ, ಬೀದರ್: ಒತ್ತಕ್ಷರಕ್ಕೆ ಬೇರೆ ದುಡ್ಡಾ?! ಯಾವ ಊರಿನ ನ್ಯಾಯ?

ಪಾತ್ರೆ ಅಂಗಡಿ: "ಶ್ರೀ ಲಕ್ಷ್ಮೀವೆಂಕಟೇಶ್ವರ" ಬರೆದು ನೋಡಿ. ನಿಮ್ಮ ಲೆಕ್ಕದಲ್ಲಿ 8 ಅಕ್ಷರ. ನಾಲ್ಕು ಒತ್ತು, ಮೂರು ದೀರ್ಘ, ಒಂದು ಸೊನ್ನೆ ಸೇರಿ 16. ದೇವಸ್ಥಾನದ 60 ಹರಿವಾಣ. ನಿಮ್ಮ ಪ್ರಕಾರ 1,920, ನನ್ನ ಪ್ರಕಾರ 3,840. ಕಡಿಮೆ ದುಡ್ಡಿಗೆ ನೀವೇ ಬಂದು ಮಾಡಿಕೊಡಿ.

ಸಾಲದ ಕಂಪ್ರೆಸರ್: ಅಕ್ಷರ ಎಣಿಸೋದೇ ತಪ್ಪು. ನಾನು ಗಂಟೆಗೆ 350 ಹಾಕುತ್ತೇನೆ, ಮಸೆಯೋ ಸಮಯವೂ ಸೇರಿ.

ಪಾತ್ರೆ ಅಂಗಡಿ: ಅದಕ್ಕೇ ವರ್ಷಕ್ಕೆ 23,600.

ಸಾಲದ ಕಂಪ್ರೆಸರ್: ಅದು ಮೊದಲ ವರ್ಷ ಅಂತ ಬರೆದಿದ್ದೇನೆ. ಓದೋಕೆ ಬರುತ್ತೆ ಅಲ್ವಾ? ಓ, ಷ ಶ ಸಮಸ್ಯೆ ಇದೆ, ಮರೆತಿದ್ದೆ.

ಪಾತ್ರೆ ಅಂಗಡಿ: ಬಾಯಿ ಬಿಗಿ ಹಿಡಿದು ಮಾತಾಡಿ. ಮೈಕ್ರೋಸ್ಕೋಪ್ ಇಟ್ಟುಕೊಂಡು ಒಂದೇ ಒಂದು ದುಂಡು ಸೊನ್ನೆ ಕೆತ್ತಿ ಫೋಟೊ ಹಾಕಿ. ಆಮೇಲೆ ಸೊನ್ನೆಗೆ ದುಡ್ಡು ಬೇಕೋ ಬೇಡವೋ ಹೇಳುವಿರಂತೆ.

ಪೀಣ್ಯ ಲೇತ್: ಎಲ್ಲರಿಗೂ ಥ್ಯಾಂಕ್ಸ್. ಮೇಲೆ ಓನರ್ ಇರುತ್ತಾರೆ, ಸದ್ದು ಆಗಬಾರದು ಅಂದಿದ್ದೆ...

ಹಳೇ ಅರ, ಬೀದರ್: ಹಿತ್ತಾಳೆಗೆ, ಬೆಳ್ಳಿಗೆ ಸುತ್ತಿಗೆ ಬೇಡ ತಮ್ಮಾ. ಉಳಿಯ ಹಿಡಿ ಅಂಗೈಗೆ ಒತ್ತಿಕೊಂಡು ತಳ್ಳಿ. ಚರ್ಮದ ಚೀಲಕ್ಕೆ ಮರಳು ತುಂಬಿ ಅದರ ಮೇಲೆ ತಗಡು ಇಡಿ. ತಿರುವಿನಲ್ಲಿ ಉಳಿ ತಿರುಗಿಸಬೇಡಿ, ಎಡಗೈಯಲ್ಲಿ ತಗಡು ತಿರುಗಿಸಿ. ಎಡಗೈ ಹೆಬ್ಬೆರಳು ಉಳಿಯ ದಾರಿಗೆ ಬರಬಾರದು, ನನ್ನದಕ್ಕೆ ಏಳು ಹೊಲಿಗೆ. ನಿಮ್ಮ 40,000ದಲ್ಲಿ 5,000 ಮುಟ್ಟಿದರೆ ಸಾಕು. ಓನರ್‌ಗೆ ಗೊತ್ತೂ ಆಗಲ್ಲ.

ಪಾತ್ರೆ ಅಂಗಡಿ: ಸೊನ್ನೆ ಫೋಟೊ ಇನ್ನೂ ಬಂದಿಲ್ಲ.