ವರ್ಣಭೇದದ ವಿರುದ್ಧ ನಿಂತ ಅಪ್ಪ-ಅಮ್ಮ ಯಾರಾದರೂ ಗೊತ್ತಾ?

ಅರ್ವೈನ್ ಅಮ್ಮ:
ನಾವಿರುವುದು ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ. ಮಗಳು ಐದನೇ ಕ್ಲಾಸು. ವರ್ಣಭೇದ ಎದುರಿಸಿದ ಒಬ್ಬ ಅಪ್ಪನ ಅಥವಾ ಅಮ್ಮನ ಬಗ್ಗೆ ಬರೆಯಬೇಕಂತೆ. ಮಾರ್ಟಿನ್ ಲೂಥರ್ ಕಿಂಗ್ ಬಗ್ಗೆ ಎಲ್ಲರೂ ಬರೆಯುತ್ತಾರೆ. ಬೇರೆ ಯಾರಿದ್ದಾರೆ?

ಹಳೇ ಮೇಷ್ಟ್ರು:
ದೂರ ಯಾಕಮ್ಮ, ನಿಮ್ಮ ಆರೆಂಜ್ ಕೌಂಟಿಯಲ್ಲೇ ಇದ್ದರು. ಗೊನ್ಸಾಲೊ ಮತ್ತು ಫೆಲಿಸಿತಾಸ್ ಮೆಂಡೆಸ್, ವೆಸ್ಟ್‌ಮಿನ್‌ಸ್ಟರ್‌ನ ರೈತರು. ಸೋದರತ್ತೆ ತನ್ನ ಮಕ್ಕಳ ಜೊತೆ ಇವರ ಮಕ್ಕಳನ್ನೂ ಶಾಲೆಗೆ ಸೇರಿಸಲು ಹೋದರು. ಅತ್ತೆಯ ಮಕ್ಕಳು ಬೆಳ್ಳಗಿದ್ದರು, ಸೀಟು ಸಿಕ್ಕಿತು. ಮೆಂಡೆಸ್ ಮಕ್ಕಳು ಮಾತ್ರ ಮೆಕ್ಸಿಕನ್ನರ ಶಾಲೆಗೆ ಹೋಗಬೇಕಂತೆ! ಅತ್ತೆ ಸಿಟ್ಟಿನಿಂದ ಎಲ್ಲರನ್ನೂ ವಾಪಸ್ ಕರೆತಂದರು.

ಗೊನ್ಸಾಲೊ ಸುಮ್ನೆ ಕೂರಲಿಲ್ಲ. 1945ರಲ್ಲಿ ಇನ್ನೂ ನಾಲ್ವರು ಅಪ್ಪಂದಿರ ಜೊತೆ ಕೋರ್ಟಿಗೆ ಹೋದರು. 1946ರಲ್ಲಿ ಗೆದ್ದರು, 1947ರಲ್ಲಿ ಮೇಲ್ಮನವಿಯಲ್ಲೂ ಗೆದ್ದರು. ಅಷ್ಟು ದಿನ ಹೊಲ ನೋಡಿಕೊಂಡಿದ್ದು ಫೆಲಿಸಿತಾಸ್. ನನ್ನ ಕೇಳಿದರೆ ಮಗಳು ಆ ಅಮ್ಮನ ಬಗ್ಗೆಯೇ ಬರೆಯಲಿ. ಅಪ್ಪನ ಹೆಸರು ಹೇಗೂ ಕೇಸಿನಲ್ಲೇ ಇದೆ.

ಬೇ ಏರಿಯಾ ಭಟ್ಟ:
ಆ ಹೊಲದ ಕಥೆ ಬಿಡಬೇಡಿ. ಅದು ಜಪಾನಿ ಮೂಲದ ಮುನೆಮಿತ್ಸು ಕುಟುಂಬದ್ದು. ಎರಡನೇ ಮಹಾಯುದ್ಧದ ಸಮಯದಲ್ಲಿ ಅಮೆರಿಕ ಸರ್ಕಾರ ಅವರನ್ನು ಅರಿಜೋನಾದ ಪೋಸ್ಟನ್ ಶಿಬಿರದಲ್ಲಿ ಕೂಡಿಹಾಕಿತ್ತು. ಮೆಂಡೆಸ್ ದಂಪತಿ ಅದನ್ನು ಗುತ್ತಿಗೆಗೆ ಹಿಡಿದಿದ್ದರು. ವಕೀಲರ ಖರ್ಚು ಹೊರಟಿದ್ದು ಆ ಬೆಳೆಯ ದುಡ್ಡಿನಿಂದಲೇ.

ಅರ್ವೈನ್ ಅಮ್ಮ:
ಇಲ್ಲೇ ಪಕ್ಕದೂರು, ನಮಗೇ ಗೊತ್ತಿರಲಿಲ್ಲ! ಈ ತೀರ್ಪು ಬೇರೆ ರಾಜ್ಯಗಳಿಗೂ ಅನ್ವಯಿಸಿತಾ?

ಹಳೇ ಮೇಷ್ಟ್ರು:
ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಉಳಿದಿದ್ದ ಪ್ರತ್ಯೇಕ ಶಾಲೆಗಳ ಕಾನೂನನ್ನು 1947ರಲ್ಲಿ ರದ್ದು ಮಾಡಿದರು. ಸಹಿ ಹಾಕಿದ ಗವರ್ನರ್ ಅರ್ಲ್ ವಾರನ್. 1954ರಲ್ಲಿ ಜನಾಂಗ ನೋಡಿ ಶಾಲೆ ಬೇರೆ ಮಾಡುವಂತಿಲ್ಲ ಎಂದು ಇಡೀ ದೇಶಕ್ಕೆ ಬ್ರೌನ್ ತೀರ್ಪು ಕೊಟ್ಟಾಗ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯೂ ಅವರೇ.